ಅಂಚಿಗೆ ತೂತಿರುವ ಜರ್ಮನ್ ತಾಟು

ನಮ್ಮ ಮನೆಗೆ ನೀವು ಊಟಕ್ಕೆ ಬಂದರೆ, ಅಡುಗೆಮನೆಯ ಮೂಲೆಯಲ್ಲಿ ಬೋರಲು ಹಾಕಿದ ತಾಟುಗಳ ನಡುವೆ ಒಂದರ ಅಂಚಿಗೆ ತೂತಿರುವುದು ನಿಮ್ಮ ಕಣ್ಣಿಗೆ ಬೀಳದೆ ಇರದು. ದೊಡ್ಡ ತೂತೇನಲ್ಲ, ಒಂದು ಜೋಳದ ಕಾಳು ನುಸುಳುವಷ್ಟು. ಆದರೆ ಮೊಳೆ ಬಡಿದು ಮಾಡಿದ್ದಾದ್ದರಿಂದ ಅದರ ಹಿಂಬದಿ ಇನ್ನೂ ಚೂಪಾಗಿಯೇ ಇದೆ, ತಿಕ್ಕುವಾಗ ಲಕ್ಷ್ಯ ಬೇರೆ ಕಡೆ ಹೋಯಿತೆಂದರೆ ಬೆರಳಿಗೆ ಗೀರುತ್ತದೆ. ತಾಟು ಅಲ್ಯೂಮಿನಿಯಮ್ಮಿನದು. ಅದಕ್ಕೆ ನಮ್ಮ ಇಳಕಲ್ ಕಡೆ ಜರ್ಮನ್ ಎನ್ನುತ್ತಾರೆ. ಆ ದೇಶಕ್ಕೂ ನಮ್ಮ ಓಣಿಯ ಪಾತ್ರೆಗಳಿಗೂ ಯಾವ ನಂಟೋ ನಾನು ಕಾಣೆ. ತಾಟಿನ ನಟ್ಟನಡುವೆ ಅಂಗೈಯಗಲದ ಒಂದು ಕರಿಗಲೆ ಇದೆ. ಬೂದಿ, ಹುಣಸೆಹಣ್ಣು, ಇಟ್ಟಂಗಿ ಪುಡಿ, ಯಾವುದಕ್ಕೂ ಅದು ಜಗ್ಗಿಲ್ಲ. ಬಂದವರು ಕುತೂಹಲದಿಂದ ಕೇಳಿದಾಗಲೆಲ್ಲ ನಾನು "ಹಳೇದ್ರಿ" ಎಂದು ಮಾತು ತೇಲಿಸಿಬಿಡುತ್ತಿದ್ದೆ. ಇವತ್ತು ತೇಲಿಸುವುದಿಲ್ಲ. ಸಿಟ್ಟಿನಿಂದ ಹೇಳುತ್ತಿದ್ದೇನೆಂದು ಮೊದಲೇ ತಿಳಿಸಿಬಿಡುತ್ತೇನೆ. ಮನಸ್ಸು ತಂಪಾದ ಮೇಲೆ ಬರೆಯೋಣವೆಂದು ವರ್ಷಗಟ್ಟಲೆ ಕಾದೆ, ಅದು ತಂಪಾಗಲಿಲ್ಲ.

ನಾನು ಗುಡೂರಿನ ಮಗಳು, ಇಳಕಲ್ಲಿನ ಸೊಸೆ, ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ಅಕ್ಕೋರು. ಗಂಡನ ಮನೆ ನೇಯ್ಗೆಯವರದು. ಪಡಸಾಲೆಯ ಅರ್ಧವನ್ನು ಕುಣಿಮಗ್ಗವೇ ನುಂಗಿತ್ತು. ನನ್ನ ಗಂಡ ಮುಂಜಾನೆ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತರೆ ಊಟಕ್ಕೆ ಕರೆದಾಗಲೇ ಮೇಲೇಳುವುದು, ಮಾತಿಗೆ ಕರೆದರೆ ಏಳುತ್ತಲೇ ಇರಲಿಲ್ಲ. ಅತ್ತೆ ರಾಟೆಯ ಮುಂದೆ ಕೂತು ನೂಲಿನ ಕಂಡಿಕೆ ಸುತ್ತುತ್ತಿದ್ದರು. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸವಿದೆಯಲ್ಲ, ಅದರಲ್ಲಿ ನಮ್ಮ ಓಣಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಕಣ್ಣು ಮುಚ್ಚಿಕೊಂಡೇ ಬೆರಳಿನಿಂದ ಹುಡುಕಿ ತೆಗೆಯುತ್ತಿದ್ದರು. ಅವರ ತವರು ನೂಲಿಗೆ ಬಣ್ಣ ಹಾಕುವವರ ಮನೆ. ಈ ಒಂದು ಮಾತನ್ನು ನೀವು ನೆನಪಿನಲ್ಲಿಟ್ಟುಕೊಳ್ಳಿ, ಏಕೆಂದರೆ ನಾನು ಅದನ್ನು ಒಂಬತ್ತು ವರ್ಷ ಮರೆತಿದ್ದೆ.

ಮಗಳು ಗಿರಿಜಾಗೆ ಎರಡು ತುಂಬಿದ ಬೇಸಿಗೆ ಅದು, ಎಪ್ಪತ್ತರ ದಶಕದ ಶುರುವಿನ ದಿನಗಳು. ಮುಂಜಾನೆಯ ಶಾಲೆ. ಬಿಸಿಲು ಆಗಲೇ ಕಿಟಕಿಯಿಂದ ಒಳಗೆ ಬಂದು ಕುಳಿತಿತ್ತು, ಮಕ್ಕಳು ಪಾಟಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನಡುಗಲು ಶುರುಮಾಡಿದೆ. ನಡುಕವೆಂದರೆ ಮೈ ಜುಮ್ಮೆನ್ನುವುದಲ್ಲ. ಮೂಳೆಗಳು ಒಂದನ್ನೊಂದು ಹಿಡಿದು ಜಗ್ಗಾಡಿದಂತೆ, ನಿಂತ ನೆಲವೇ ಕುಲುಕಿದಂತೆ. ಮುಂದಿನ ಸಾಲಿನ ಒಬ್ಬ ಹುಡುಗಿ, "ಅಕ್ಕೋರ, ನಿಮ್ಮ ಹಲ್ಲ ಸಪ್ಪಳಾಗಾಕತ್ತಾವ್ರಿ" ಎಂದಳು. ನಾನು ನೆಲಕ್ಕೆ ಕುಸಿದೆ. ಆ ಮಕ್ಕಳು ತಾವು ಕೂಡಲು ಮನೆಯಿಂದ ತರುತ್ತಿದ್ದ ಗೋಣಿತಟ್ಟುಗಳನ್ನೆಲ್ಲ ಎತ್ತಿ ತಂದು ನನ್ನ ಮೇಲೆ ಒಂದರ ಮೇಲೊಂದು ಹೊದಿಸಿದರು. ಜೋಳದ ಧೂಳಿನ, ತಲೆಯೆಣ್ಣೆಯ ವಾಸನೆಯ ಆ ಗೋಣಿಯ ರಾಶಿಯ ಕೆಳಗೆ, ಸುಡುವ ಬಿಸಿಲಿನಲ್ಲಿ, ನಾನು ಚಳಿಯಿಂದ ಅತ್ತುಬಿಟ್ಟೆ. ಈ ಇಡೀ ಕಥೆಯಲ್ಲಿ ನನಗೆ ಸಿಟ್ಟಿಲ್ಲದ್ದು ಆ ಮಕ್ಕಳ ಮೇಲೆ ಮಾತ್ರ.

ಆ ದಿನಗಳಲ್ಲಿ ಚಳಿಜ್ವರಕ್ಕೆ ಮಲೇರಿಯಾ ಎಂಬ ಒಂದೇ ಹೆಸರಿತ್ತು. ಮಲೇರಿಯಾ ಇಲಾಖೆಯವನು ಬಂದು ಬೆರಳಿಗೆ ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಸವರಿಕೊಂಡ, ಕಹಿ ಗುಳಿಗೆ ಕೊಟ್ಟ, ಬಾಗಿಲ ಹಿಂದಿನ ಗೋಡೆಯ ಮೇಲಿನ ಚೌಕಟ್ಟಿನಲ್ಲಿ ತಾರೀಖು ಬರೆದು ಹೋದ. ರಕ್ತದ ಫಲಿತಾಂಶ ಏನಾಯಿತೆಂದು ಆತನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮುಂದೆ ವರ್ಷಕ್ಕೆ ಮೂರು ಸಲ, ನಾಲ್ಕು ಸಲ ನನಗೆ ಚಳಿ ಬಂದಾಗಲೆಲ್ಲ ಆತ ಅದೇ ಬೆರಳಿಗೆ ಚುಚ್ಚಿದ. ಆ ಮೊದಲ ಸಲ, ಮೂರನೆಯ ದಿನಕ್ಕೆ ಬಲಪಕ್ಕೆಯ ಕೆಳಗೆ ಯಾರೋ ಮೊಣಕೈ ಊರಿ ಕುಳಿತಂಥ ನೋವು; ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು; ಕಣ್ಣು ಹಳದಿಯಾಯಿತು. ಊರಿನ ಡಾಕ್ಟರು ಜ್ವರಕ್ಕೆ ಇಂಜೆಕ್ಷನ್ ಚುಚ್ಚಿ, "ಕಾಮಣಿ ಆಗೈತಿ. ಇದಕ್ಕ ನಮ್ಮಲ್ಲಿ ಔಷಧ ಇಲ್ಲ, ಎಲ್ಲ್ಯರ ಗಿಡದ ಔಷಧ ತಗೋರಿ" ಎಂದು ಕೈ ತೊಳೆದುಕೊಂಡರು. ಇಂಜೆಕ್ಷನ್ನಿನಿಂದ ಎರಡು ದಿನಕ್ಕೆ ಜ್ವರ ಇಳಿಯಿತು. ಆದರೆ ಆ ಎರಡು ದಿನಗಳೊಳಗೇ ಅತ್ತೆ ನನ್ನನ್ನು ಬಾದಾಮಿ ಕಡೆಯ ಬಸ್ಸು ಹತ್ತಿಸಿದ್ದರು.

ಬಾದಾಮಿಯಿಂದಾಚೆ ಒಂದು ಹಳ್ಳಿ, ಅಲ್ಲೊಬ್ಬ ಕಾಮಣಿ ಇಳಿಸುವ ಅಜ್ಜ. ಮುಂದೆ ಬೇರೆ ಯಾರೂ ಉಣ್ಣದಂಥ ಒಂದು ಪಾತ್ರೆ ತರಬೇಕೆಂಬುದು ಅಲ್ಲಿನ ಪದ್ಧತಿ; ಅತ್ತೆ ಈ ಜರ್ಮನ್ ತಾಟನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಅಜ್ಜ ಡಬ್ಬಿಯಿಂದ ಕಂದುಬಣ್ಣದ ಒಂದು ಪುಡಿ ತೆಗೆದು ನೀರಲ್ಲಿ ಕಲಸಿ, ನನ್ನ ಎರಡೂ ಕೈಗೆ ಮೊಣಕೈವರೆಗೆ ಸವರಿದ. ತುಟಿ ಅಲುಗಿಸುತ್ತ ಏನನ್ನೋ ಜಪಿಸಿದ. ಆಮೇಲೆ ಗಿಂಡಿಯಿಂದ ಸುಣ್ಣದ ತಿಳಿನೀರನ್ನು ಧಾರೆಯಾಗಿ ಕೈಮೇಲೆ ಸುರಿಯುತ್ತ ಹೋದ. ಕೆಳಗಿಟ್ಟ ತಾಟಿನಲ್ಲಿ ಬಿದ್ದ ನೀರು ನೋಡನೋಡುತ್ತ ಹಳದಿಯಾಯಿತು. ಅಚ್ಚ ಹಳದಿ, ನನ್ನ ಕಣ್ಣಿನದೇ ಬಣ್ಣ.

"ನೋಡ್ರಿ ತಾಯಿ, ಮೈಯಾನ ಕಾಮಣಿ ಹೆಂಗ ಇಳಿಯಾಕತ್ತೈತಿ" ಎಂದ ಅಜ್ಜ. "ಇದು ಒಬ್ಬರಿಂದ ಒಬ್ಬರಿಗೆ ಭಾಳ ಹತ್ತೂ ಬ್ಯಾನಿ. ಕೂಸಿನ್ನ ಹತ್ತರ ಬಿಟ್ಟಗೋಬ್ಯಾಡ್ರಿ. ತಾಟ, ತಂಬಿಗಿ ಬ್ಯಾರೆ ಇಡ್ರಿ."

ಅತ್ತೆ ನನ್ನ ಹೆಗಲು ಮುಟ್ಟಿ, "ನೋಡವಾ, ನಿನ್ನ ಕಣ್ಣಿಲೆ ನೀನ ನೋಡ" ಎಂದರು. ನಾನು ನೋಡಿದೆ. ನೀರಲ್ಲಿ ನಿಲ್ಲಿಸಿದ ಕೋಲು ಬಾಗಿದಂತೆ ಕಾಣುತ್ತದೆ, ಕಂಡದ್ದನ್ನೆಲ್ಲ ನಂಬಬೇಡಿ ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಹೇಳುವ ನಾನು, ಕಂಡದ್ದನ್ನು ಪೂರ್ತಿ ನಂಬಿದೆ. ನನ್ನ ಮೈಯೊಳಗಿನ ವಿಷ ಆ ತಾಟಿನಲ್ಲಿ ನಿಂತಿದೆಯೆಂದು ನನಗೆ ಅಸಹ್ಯವಾಯಿತು, ಹೆದರಿಕೆಯೂ ಆಯಿತು. ಸುಣ್ಣದ ನೀರು ನಿಂತು ತಾಟಿಗೆ ಕರಿಗಲೆ ಬಿದ್ದದ್ದು ಆವತ್ತೇ.

ಮನೆಗೆ ಬಂದ ಮೇಲೆ ಅತ್ತೆ ತಾಟಿನ ಅಂಚಿಗೆ ಮೊಳೆ ಬಡಿದು ತೂತು ಮಾಡಿ, ಅಡುಗೆಮನೆಯ ಹೊರಗೋಡೆಗೆ ಬೇರೆಯೇ ನೇತುಹಾಕಿದರು. ಅದು ನನ್ನ ತಾಟಾಯಿತು. ಎಲ್ಲರ ತಾಟು ಒಳಗೆ, ನನ್ನದು ಹೊರಗೆ. ಎಲ್ಲರ ಪಂಕ್ತಿ ಒಳಗೆ, ನನ್ನ ಊಟ ಹಿತ್ತಲ ಬಾಗಿಲ ಹೊಸ್ತಿಲಲ್ಲಿ. ನನಗೆ ಅದರದ್ದೇನೂ ದುಃಖವಿರಲಿಲ್ಲ, ಎರಡು ವರ್ಷದ ಕೂಸನ್ನು ನೆನೆದು ನಾನೇ ದೂರ ಕೂತೆ. ದುಃಖವಿದ್ದದ್ದು ಕೈತುತ್ತಿನದು. ಗಿರಿಜಾ ಆವರೆಗೆ ನನ್ನ ಕೈಯಲ್ಲಲ್ಲದೆ ಯಾರ ಕೈಯಲ್ಲೂ ಉಂಡವಳಲ್ಲ. ಅಜ್ಜನ ಬಳಿ ಹೋಗಿ ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ, ಅತ್ತೆ ಕೊಡ ಹೊತ್ತು ನೀರಿಗೆ ಹೋದಾಗ, ಆಕೆ ತಪ್ಪುಹೆಜ್ಜೆ ಹಾಕುತ್ತ ಬಂದು ನನ್ನ ತಾಟಿನ ಅನ್ನಕ್ಕೆ ಕೈ ಹಾಕಿ, "ಅವ್ವಾ, ಒಂದ ತುತ್ತ" ಎಂದಳು. ನಾನು ಆ ಕೈಗೆ ಹೊಡೆದೆ. ಅಂಜಿಸಲು ಹೊಡೆದದ್ದಲ್ಲ, ಜೋರಾಗಿಯೇ ಹೊಡೆದೆ. ಆಕೆ ಅಳಲಿಲ್ಲ, ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡು ಒಳಗೆ ಹೋದಳು. ಮತ್ತೆಂದೂ ಕೇಳಲಿಲ್ಲ.

ಅಲ್ಲಿಂದ ರೋಗ ತನ್ನ ಪಾಡಿಗೆ ತಾನು ಬರುತ್ತ ಹೋಗುತ್ತ ಇತ್ತು. ಬರುವುದಕ್ಕೆ ಹಬ್ಬ ಹುಣ್ಣಿಮೆಯೆಂದಿಲ್ಲ; ಚಳಿ, ಜ್ವರ, ಹಳದಿ ಕಣ್ಣು, ಇಂಜೆಕ್ಷನ್ನು, ಮತ್ತೆ ಬಾದಾಮಿಯ ಬಸ್ಸು. ಇಂಜೆಕ್ಷನ್ನಿನಿಂದ ಇಳಿದ ಜ್ವರದ ಕೀರ್ತಿಯೆಲ್ಲ ಅಜ್ಜನ ಗಿಂಡಿಗೆ ಸೇರುತ್ತಿತ್ತು. ಇನ್ನು ಹೋದ ರೋಗ ಮರಳಿ ಬಂದದ್ದರ ತಪ್ಪು ಯಾರದು? ನನ್ನದೇ. ಕಂಡವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಏನ ತಿಂದಿದ್ದಿ?" ನೀರಿನ ನಲ್ಲಿಯ ಹತ್ತಿರ, ಶಾಲೆಯ ಬಾಗಿಲಲ್ಲಿ, ಮದುವೆಯ ಚಪ್ಪರದಲ್ಲಿ, ಸಂತೆಯಲ್ಲಿ, ನನ್ನ ಕಣ್ಣನ್ನು ಒಮ್ಮೆ ಇಣುಕಿ ನೋಡಿ ಅದೇ ಮಾತು. ನಾನು ತಿಂದದ್ದು ಉಪ್ಪಿಲ್ಲದ ಮಜ್ಜಿಗೆ ಅನ್ನ, ಜೋಳದ ಅಳ್ಳು, ಮತ್ತೆ ಮಜ್ಜಿಗೆ ಅನ್ನ. ವರ್ಷಗಟ್ಟಲೆ ಒಗ್ಗರಣೆಯ ವಾಸನೆಗೆ ಬಾಯಲ್ಲಿ ನೀರೂರಿಸಿಕೊಂಡು ಹಿತ್ತಲಲ್ಲಿ ಕೂತವಳಿಗೆ ಆ ಪ್ರಶ್ನೆ! ಕೇಳಿದವರಿಗೆ ನನ್ನ ಕಾಯಿಲೆಯ ಚಿಂತೆಯಿರಲಿಲ್ಲ ಎನ್ನುವುದು ಅನ್ಯಾಯವಾದೀತು; ಆದರೆ ಇಂಥದ್ದು ತಿಂದೆ ಎಂದು ನಾನು ಒಪ್ಪಿಕೊಂಡರೆ, ಅದನ್ನು ತಿನ್ನದ ತಮಗೆ ಬರುವುದಿಲ್ಲವೆಂಬ ನೆಮ್ಮದಿ ಅವರಿಗೆ ಬೇಕಾಗಿತ್ತು. ಒಮ್ಮೆ ರೋಸಿಹೋಗಿ ಒಬ್ಬಾಕೆಗೆ, "ನಿನ್ನಂಥಾ ನಾಕ ಮಂದೀನ ತಿಂದೇನಿ" ಎಂದುಬಿಟ್ಟೆ. ಆಕೆ ಮತ್ತೆ ನನ್ನ ಜೊತೆ ಮಾತಾಡಲಿಲ್ಲ, ನನಗದು ಬಹಳ ಸುಖವೆನಿಸಿತು.

ತುರಿಕೆಯ ಮಾತು ಯಾರೂ ಕೇಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಅದು ಚರ್ಮದ ಮೇಲಿನ ತುರಿಕೆಯಲ್ಲ, ಒಳಗಿನದು. ಅಂಗೈ, ಅಂಗಾಲುಗಳೊಳಗೆ ಇರುವೆ ಹರಿದಾಡಿದಂತೆ. ಪಾಠ ಹೇಳುತ್ತ ಮೇಜಿನ ಕೆಳಗೆ ಅಂಗಾಲನ್ನು ಹೊಸ್ತಿಲ ಕಲ್ಲಿಗೆ ತಿಕ್ಕುವಂತೆ ತಿಕ್ಕುತ್ತಿದ್ದೆ, ರಕ್ತ ಬಂದರೂ ಸಾಲುತ್ತಿರಲಿಲ್ಲ. ವಿಜ್ಞಾನದ ಪಾಠದಲ್ಲಿ ಪಿತ್ತಜನಕಾಂಗದ ಚಿತ್ರ ಬರೆದು, "ಇದು ಪಿತ್ತರಸವನ್ನು ಸ್ರವಿಸುತ್ತದೆ" ಎಂದು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸುವಾಗ, ಅದು ನನ್ನೊಳಗೆ ಏನು ಮಾಡುತ್ತಿದೆಯೆಂದು ನನಗೇ ಗೊತ್ತಿರಲಿಲ್ಲ. ಹಳದಿಯೆಂದರೆ ನಮ್ಮಲ್ಲಿ ಮಂಗಳ. ಮದುಮಗಳ ಮೈಗೆ ಅರಿಷಿಣ, ಬೀರಪ್ಪನ ಗುಡಿಯಲ್ಲಿ ಹಣೆಗೆ ಭಂಡಾರ. ಅದೇ ಬಣ್ಣ ನನ್ನ ಕಣ್ಣಲ್ಲಿ ಬಂದು ನಿಂತದ್ದೇ ತಡ, ಬಾಗಿನಕ್ಕೆ ಕರೆಯುವವರು ನನ್ನ ಮನೆಯನ್ನು ದಾಟಿಕೊಂಡು ಮುಂದಿನ ಮನೆಗೆ ಹೋಗತೊಡಗಿದರು.

ಆರನೆಯ ವರ್ಷ ಚಳಿ ಯಾವ ಇಂಜೆಕ್ಷನ್ನಿಗೂ ಬಗ್ಗಲಿಲ್ಲ. ಮಗ್ಗದ ಕುಣಿಯಿಂದ ನನ್ನ ಗಂಡ ಆವತ್ತು ತಾನಾಗಿಯೇ ಎದ್ದು ಬಂದದ್ದು. ಅದನ್ನು ನಾನು ಮರೆಯಬಾರದು. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಯವರೆಗೆ ಬಸ್ಸಿನಲ್ಲಿ ನಾನು ನಡುಗುತ್ತಲೇ ಹೋದೆ. ಅಣೆಕಟ್ಟಿನ ನೀರಿಗೆ ಊರು ಮುಳುಗುತ್ತದೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ದಿನಗಳವು. ಮುಳುಗುವ ಆ ಪೇಟೆಯ ಒಂದು ಸಣ್ಣ ದವಾಖಾನೆಯ ವಯಸ್ಸಾದ ಡಾಕ್ಟರು, ನನ್ನ ಹೊಟ್ಟೆ ಒತ್ತಿ ನೋಡಿ, ಹಳೆಯದನ್ನೆಲ್ಲ ಕೇಳಿ, ಅಲ್ಲೇ ದಾಖಲು ಮಾಡಿಕೊಂಡರು. ದೊಡ್ಡ ಊರಿಗೆ ಕಳಿಸಿ ಪರೀಕ್ಷೆಗಳನ್ನೂ ಮಾಡಿಸಿದರು. ಕೊನೆಗೆ ಒಂದು ಚೀಟಿಯ ಹಿಂಬದಿ ಟೊಂಗೆ ಟೊಂಗೆಯಾಗಿ ಗೆರೆ ಎಳೆದು ತೋರಿಸಿದರು.

"ನೋಡ್ರಿ ಅಕ್ಕೋರ, ಇವು ಪಿತ್ತ ಹರಿಯೂ ಸಣ್ಣ ಕಾಲುವಿ. ನಿಮ್ಮವು ಅಲ್ಲಲ್ಲಿ ಬಿಗದಾವು. ನೀರ ನಿಂತಲ್ಲಿ ಕೊಳಿತೈತಿ, ಹೌದಿಲ್ಲೋ? ಹಂಗ ಪಿತ್ತ ನಿಂತ ಕೀವ ಆಗತೈತಿ, ಅದಕ್ಕ ಚಳಿ. ಇದು ಮಂದಿ ಅನ್ನೂ ಕಾಮಣಿ ಅಲ್ಲ. ಯಾರಿಗೂ ಹತ್ತೂದಿಲ್ಲ."

"ಪೂರಾ ವಾಸಿ ಆಗತೈತೇನ್ರಿ?" ಎಂದೆ.

"ಇಲ್ಲ" ಎಂದರು. "ಮತ್ತ ಬರತೈತಿ. ಚಳಿ ಬಂದ ದಿನಾನ ಈ ಗುಳಿಗಿ ಶುರು ಮಾಡಿ ಬಸ್ ಹತ್ರಿ. ಮರುದಿನಕ್ಕ ಕಾಯಬ್ಯಾಡ್ರಿ, ಜೀವಕ್ಕ ಅಪಾಯ."

ನಂಬುತ್ತೀರೋ ಇಲ್ಲವೋ, ಆ "ಇಲ್ಲ" ಕೇಳಿ ನನಗೆ ಕಣ್ಣು ತುಂಬಿ ಬಂತು. ಆರು ವರ್ಷದಲ್ಲಿ ನನಗೆ ಯಾರಾದರೂ ಹೇಳಿದ ಮೊದಲ ಖರೆ ಮಾತು ಅದು. ಆದರೆ ಮನೆಗೆ ಹೊತ್ತುಕೊಂಡು ಬಂದದ್ದು ಆ ಮಾತನ್ನಲ್ಲ, "ಹತ್ತೂದಿಲ್ಲ" ಎಂಬ ಇನ್ನೊಂದು ಮಾತನ್ನು. ಚಪ್ಪಲಿ ಬಿಡುವುದಕ್ಕೂ ಮೊದಲೇ ಅತ್ತೆಗೆ ಹೇಳಿದೆ. ಅವರು ರಾಟೆ ನಿಲ್ಲಿಸಲಿಲ್ಲ. "ಡಾಕ್ಟರ ಹೇಳ್ತಾನವಾ. ನೀರ ಹಳದಿ ಆಗಿದ್ದ ನೀನ ನೋಡೀಯಲ್ಲ" ಎಂದರು. ನೋಡಿದ್ದೆನಲ್ಲ! ಒಂದಲ್ಲ, ಎಷ್ಟೋ ಸಲ ನೋಡಿದ್ದೆ. ಡಾಕ್ಟರು ಬರೆದ ಗೆರೆಗಳು ಚೀಟಿಯ ಮೇಲಿದ್ದವು, ಹಳದಿ ನೀರು ನನ್ನ ಕಣ್ಣೊಳಗೆ ಇತ್ತು. ತಾಟು ಹೊರಗೋಡೆಯಲ್ಲೇ ಉಳಿಯಿತು, ಇನ್ನೂ ಮೂರು ವರ್ಷ.

ಒಂಬತ್ತನೆಯ ವರ್ಷದ ಒಂದು ಮಧ್ಯಾಹ್ನ, ಜ್ವರ ಬಿಟ್ಟು ನಿತ್ರಾಣಳಾಗಿ ಒಳಕೋಣೆಯಲ್ಲಿ ಮಲಗಿದ್ದೆ. ಗೋಡೆಯಾಚೆ ಅತ್ತೆ ಕಂಡಿಕೆ ಸುತ್ತುತ್ತ ಗಿರಿಜಾಗೆ ತಮ್ಮ ತವರಿನ ವೈಭವ ಹೇಳುತ್ತಿದ್ದರು. ಆಗಿನ ಬಣ್ಣಕ್ಕೂ ಈಗಿನ ಬಣ್ಣದ ಪುಡಿಗೂ ಅಜಗಜಾಂತರವಂತೆ. ಕೆಂಪು ಹೀಗೆ ತೆಗೆಯುತ್ತಿದ್ದರಂತೆ, ಕಪ್ಪು ಹಾಗೆ.

"ಹಳದಿ ಹೆಂಗ ಮಾಡ್ತಿದ್ರಿ ಆಯಿ? ಅರಿಷಿಣ ಹಾಕ್ತಿದ್ರೇನು?" ಎಂದಳು ಗಿರಿಜಾ.

"ಅರಿಷಿಣ ಎಲ್ಲಿ ನಿಲ್ಲತೈತವಾ! ಅದಕ್ಕ ಸುಣ್ಣ ತಾಗಿದ್ರ ಕೆಂಪ ಆಗತೈತಿ. ಮಾವಿನ ತೊಗಟಿ ಪುಡಿ ಮಾಡಿ, ಸುಣ್ಣದ ತಿಳಿ ಬಿಟ್ರ ನೋಡ ಹಳದಿ ಹೆಂಗ ಬರತಿತ್ತು, ಕಣ್ಣ ಕುಕ್ಕೂವಂಥಾದ್ದು."

ನಾನು ಹಾಸಿಗೆಯಲ್ಲಿ ಎದ್ದು ಕುಳಿತೆ. ಅಜ್ಜನ ಡಬ್ಬಿಯ ಕಂದು ಪುಡಿ, ಮೂಗಿಗೆ ಬಡಿಯುತ್ತಿದ್ದ ಅದರ ಒಗರು ವಾಸನೆ, ಗಿಂಡಿಯ ಸುಣ್ಣದ ತಿಳಿ. ಕೊಂಡಿಗೆ ಕೊಂಡಿ ಕೂಡುತ್ತ ಬಂತು.

ಮರುದಿನವೇ ನಾನು ಗುಡೂರಿನ ತಮ್ಮನಿಗೆ ಹೇಳಿ ಕಳಿಸಿ ತೋಟದ ಮಾವಿನ ತೊಗಟೆ ತರಿಸಿದೆ. ವಾರವಿಡೀ ಒಣಗಿಸಿ ಕುಟ್ಟಿದೆ. ಅತ್ತೆಯ ಎಲೆಚೀಲದಿಂದಲೇ ಸುಣ್ಣ ತೆಗೆದು ಕದಡಿ ತಿಳಿ ಮಾಡಿದೆ. ಮೊದಲು ನನ್ನ ಕೈಗೆ ಹಾಕಿಕೊಂಡೆ. ಅಷ್ಟೊತ್ತಿಗೆ ನನ್ನ ಕಣ್ಣು ತಿಳಿಯಾಗಿತ್ತು, ಆ ಸಲದ ರೋಗ ಇಳಿದಿತ್ತು. ನೀರು ಹಳದಿಯಾಯಿತು. ಗಂಡನನ್ನು ಕುಣಿಯಿಂದ ಎಬ್ಬಿಸಿ, ಕಲ್ಲಿನಂತೆ ಗಟ್ಟಿಮುಟ್ಟಾಗಿದ್ದ ಆ ಮನುಷ್ಯನ ಕೈಗೆ ಸುರಿದೆ. ನೀರು ಹಳದಿಯಾಯಿತು. ಆತ ತಾಟನ್ನು ನೋಡಿದ, ನನ್ನನ್ನು ನೋಡಿದ, ತಲೆ ಕೆಳಗೆ ಹಾಕಿದ. ಆಮೇಲೆ ತಾಟು ಹಿಡಿದುಕೊಂಡು ಅತ್ತೆಯ ಮುಂದೆ ಹೋಗಿ ಕುಳಿತೆ.

"ಕೈ ಚಾಚ್ರಿ ಅತ್ತಿ" ಎಂದೆ.

ಅವರು ಕೈ ಚಾಚಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬ್ಯಾಡ, ತಗಿ. ಹಳದಿ ಆಗತೈತಿ. ನನಗ ಗೊತ್ತೈತಿ."

"ಯಾವಾಗಿಂದ ಗೊತ್ತೈತ್ರಿ?"

"ಮೊದಲನೇ ದಿನದಿಂದ. ಅಂವ ಡಬ್ಬಿ ತಗದ ಕೂಡ್ಲೆ ವಾಸನಿ ಬಂತು. ಹುಟ್ಟಿದಾಗಿಂದ ಮೂಗಿಗೆ ಹೊಡದ ವಾಸನಿ ಮರೀತೈತೇನು?"

"ಮತ್ತ ಯಾಕ ಕರಕೊಂಡ ಹೋದ್ರಿ? ಮೋಸ ಅಂತ ಗೊತ್ತಿದ್ದೂ ನನ್ನ ಬ್ಯಾನಿ ಹೋಗತೈತಿ ಅಂತ ತಿಳದ್ರೇನು?"

"ಬ್ಯಾನಿ ಹೋಗಲಿ ಅಂತ ಅಲ್ಲವಾ. ನೀ ನಂಬಲಿ ಅಂತ. ಸಾಲಿ ಕಲತಾಕಿ ನೀ. ಕೂಸಿನ್ನ ದೂರ ಇಡು ಅಂತ ನಾ ಬಾಯಿಲೆ ಹೇಳಿದ್ರ ಕೇಳ್ತಿದ್ದೇನು? ಕಣ್ಣಿಲೆ ನೋಡಿದ್ರ ಕೇಳ್ತಿ ಅಂತ ಗೊತ್ತಿತ್ತು."

ಆಮೇಲೆ ಅವರು ಹೇಳಿದ್ದನ್ನು ನನ್ನ ಗಂಡ ಕೂಡ ಎಂದೂ ಕೇಳಿರಲಿಲ್ಲ. ಆತ ಹುಟ್ಟುವುದಕ್ಕೆ ಮೊದಲು ಅತ್ತೆಗೊಬ್ಬ ಮಗಳಿದ್ದಳು. ಅತ್ತೆಗೆ ಕಾಮಣಿಯಾಗಿದ್ದಾಗ ಆ ಕೂಸು ಅವರ ತಾಟಿನಲ್ಲೇ ಉಂಡಿತ್ತು. "ಯಾರೂ ಬ್ಯಾಡ ಅನಲಿಲ್ಲ. ನಾನೂ ಅನಲಿಲ್ಲ. ಅದಕ್ಕೂ ಕಾಮಣಿ ಹತ್ತಿ ಎಂಟ ದಿನದಾಗ ಹೋತು. ಮೂರ ವರ್ಷದ್ದಿತ್ತು" ಎಂದರು. ಬಾಗಲಕೋಟೆಯ ಡಾಕ್ಟರು ಹತ್ತುವುದಿಲ್ಲವೆಂದ ಮೇಲಾದರೂ ಬಿಡಬಹುದಿತ್ತಲ್ಲ ಎಂದು ನಾನು ಕೂಗಿದೆ. ಅವರು ಕೂಗಲಿಲ್ಲ. "ಡಾಕ್ಟರ ಮಾತ ಖರೆ ಇರಬಹುದು. ಪರೀಕ್ಷಾ ಮಾಡಿ ನೋಡಾಕ ನಮ್ಮ ಮನ್ಯಾಗ ಇರೂದು ಒಂದ ಕೂಸು."

ನೀವೀಗ ಏನು ನಿರೀಕ್ಷಿಸುತ್ತಿದ್ದೀರೆಂದು ನನಗೆ ಗೊತ್ತು. ಅತ್ತೆ ಸೊಸೆ ತಬ್ಬಿಕೊಂಡು ಅತ್ತೆವು, ನನ್ನ ಸಿಟ್ಟು ಹಳದಿ ನೀರಿನೊಂದಿಗೆ ಹಿತ್ತಲಿಗೆ ಹರಿದುಹೋಯಿತು ಎಂದು ಬರೆದರೆ ಓದುವುದಕ್ಕೆ ಚೆನ್ನ. ಹಾಗೇನೂ ಆಗಲಿಲ್ಲ. ನನಗೆ ಅವರ ಸಂಕಟ ಅರ್ಥವಾಯಿತು, ಪೂರ್ತಿ ಅರ್ಥವಾಯಿತು. ಅವರ ಕಾಮಣಿ ಹತ್ತುವಂಥದ್ದೇ ಇದ್ದೀತು, ಅವರ ಹೆದರಿಕೆಗೆ ಬುಡವಿತ್ತು. ಆದರೆ ಅರ್ಥವಾಗುವುದು ಬೇರೆ, ಕ್ಷಮಿಸುವುದು ಬೇರೆ. ಸತ್ತ ಮಗಳ ಕಥೆಯನ್ನು ಮೊದಲ ದಿನವೇ ಹೇಳಿದ್ದರೆ ನಾನು ಅವರ ಮಾತು ಕೇಳುತ್ತಿದ್ದೆ, ಕೇಳಿಕೊಂಡು ಅತ್ತು ದೂರ ಕೂರುತ್ತಿದ್ದೆ, ಡಾಕ್ಟರು ಹೇಳಿದ ದಿನ ಇಬ್ಬರೂ ಸೇರಿ ನಗುತ್ತಿದ್ದೆವು. ಅದನ್ನು ಬಿಟ್ಟು ನನ್ನ ಕಣ್ಣನ್ನೇ ನನ್ನ ವಿರುದ್ಧ ಸಾಕ್ಷಿಗೆ ಕರೆದರು. ಎಲ್ಲಕ್ಕಿಂತ ದೊಡ್ಡ ಸಿಟ್ಟು ನನಗೆ ನನ್ನ ಮೇಲೆ. ಕೂಸಿನ ಕೈಗೆ ಹೊಡೆದದ್ದು ಅತ್ತೆಯಲ್ಲ.

ಆವತ್ತೇ ಸಂಜೆ ಶಾಲೆಯಿಂದ ಬಂದ ಗಿರಿಜಾಳನ್ನು ಅಡುಗೆಮನೆಯಲ್ಲಿ ಎದುರಿಗೆ ಕೂಡಿಸಿಕೊಂಡೆ. ಬಿಸಿ ಅನ್ನಕ್ಕೆ ಹಾಲು ಕಲಸಿ ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದೆ. ಹನ್ನೊಂದು ವರ್ಷದ ಹುಡುಗಿ ತುತ್ತನ್ನು ನೋಡಿದಳು, ಬಾಯಿ ತೆರೆಯಲಿಲ್ಲ. ಮೆಲ್ಲಗೆ ಕತ್ತು ಹೊರಳಿಸಿ ಬಾಗಿಲ ಕಡೆ ನೋಡಿದಳು. ಅಲ್ಲಿ ಅತ್ತೆ ನಿಂತಿದ್ದರು. ಅವರು ತಲೆಯಾಡಿಸಿದರು. ಆಮೇಲೆ ಬಾಯಿ ತೆರೆದಳು. ಔಷಧ ನುಂಗುವಂತೆ ನುಂಗಿ, "ಸಾಕವ್ವಾ, ನಾನ ಉಣ್ತೇನಿ" ಎಂದು ನನ್ನ ಕೈಯಿಂದ ತಾಟು ತೆಗೆದುಕೊಂಡಳು. ತಪ್ಪು ಆಕೆಯದಲ್ಲ. ಎರಡು ವರ್ಷಕ್ಕೆ ನಿಂತ ಕೈತುತ್ತನ್ನು ಹನ್ನೊಂದಕ್ಕೆ ಶುರುಮಾಡಲು ಬರುವುದಿಲ್ಲ.

ಜರ್ಮನ್ ತಾಟನ್ನು ಹಳೆ ಪಾತ್ರೆಯವನಿಗೆ ಹಾಕಿಬಿಡು ಎಂದು ಅತ್ತೆ ಎರಡು ಮೂರು ಸಲ ಹೇಳಿದರು. ನಾನು ಹಾಕಲಿಲ್ಲ. ಎಲ್ಲರ ಪಂಕ್ತಿಗೆ ಬಂದು ಕೂತೆ, ಅತ್ತೆಯ ಎದುರಿಗೇ ಕೂತೆ, ಮನೆಯಲ್ಲಿ ಸ್ಟೀಲಿನ ತಾಟುಗಳು ಬಂದ ಮೇಲೂ ಆ ತೂತಿನ ತಾಟಿನಲ್ಲೇ ಉಂಡೆ. ಉಂಡು, ತೊಳೆದು, ಅದೇ ಮೊಳೆಗೆ ನೇತುಹಾಕಿದೆ. ಅವರು ತುತ್ತು ಎತ್ತುವಾಗಲೆಲ್ಲ ಕಣ್ಣೆತ್ತಿದರೆ ಅದು ಕಾಣಬೇಕು, ಅಷ್ಟೇ ನನ್ನ ಆಸೆ. ಅವರು ತೀರಿಹೋಗುವವರೆಗೆ, ನಾಲ್ಕು ವರ್ಷ, ಒಂದು ಹೊತ್ತೂ ತಪ್ಪಿಸಲಿಲ್ಲ. ಅವರಿಗೆ ಅದು ಚುಚ್ಚಿತೆಂದು ನನಗೆ ಗೊತ್ತು. ನನಗೆ ನಾಚಿಕೆಯೇನೂ ಆಗುವುದಿಲ್ಲ.

ರೋಗ ಬಿಟ್ಟಿಲ್ಲ, ಬಿಡುವಂಥದ್ದೂ ಅಲ್ಲ. ಶಾಲೆಗೆ ಹೋಗುವ ಚೀಲದಲ್ಲಿ ಗುಳಿಗೆಯ ಪೊಟ್ಟಣವಿರುತ್ತದೆ; ಚಳಿ ಬಂದ ದಿನವೇ ಬಾಗಲಕೋಟೆಯ ಬಸ್ಸು. ಈ ಬೇಸಿಗೆಯಲ್ಲೂ ಹಾಗೇ ಹೋಗಿ ಎಂಟು ದಿನ ಮಲಗಿದ್ದೆ. ಮೂರನೆಯ ದಿನ ಮಧ್ಯಾಹ್ನ ಗಿರಿಜಾ ಬಂದಳು. ಹದಿನಾರು ತುಂಬಿದ್ದಾಳೆ, ನನಗಿಂತ ಗೇಣು ಎತ್ತರ. ಬುತ್ತಿಯ ಗಂಟಿನ ಜೊತೆಗೆ ಮನೆಯಿಂದ ತಾಟನ್ನೂ ತಂದಿದ್ದಳು, ಇದೇ ಜರ್ಮನ್ ತಾಟು. "ಇದನ್ನ್ಯಾಕ ತಂದೀ?" ಎಂದೆ. "ನೀ ಇದರಾಗ ಉಣ್ಣೂದಲ್ಲೇನು" ಎಂದಳು. ನನ್ನ ಬಲಗೈಗೆ ಸಲಾಯಿನ್ನಿನ ಸೂಜಿ ಚುಚ್ಚಿತ್ತು. ಆಕೆ ಮಂಚದ ಅಂಚಿಗೆ ಕುಳಿತು, ಅನ್ನಕ್ಕೆ ಹಾಲು ಕಲಸಿ, ಒಂದು ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದಳು.

ನಾನು ಬಾಯಿ ತೆರೆಯಲಿಲ್ಲ. ಕತ್ತು ತಾನಾಗಿಯೇ ಹೊರಳಿತು, ಕಣ್ಣು ಬಾಗಿಲ ಕಡೆಗೆ ಹೋಯಿತು. ಅತ್ತೆ ಸತ್ತು ಒಂದು ವರ್ಷವಾಗಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಅತ್ಲಾಗ ಯಾರ್ನ ನೋಡ್ತೀಯವ್ವಾ? ಬಾಯಿ ತಗಿ" ಎಂದಳು ಗಿರಿಜಾ.

ತೆರೆದೆ. ನಾನು ಬಿಟ್ಟದ್ದನ್ನು ಆಕೆ ಅದೇ ತಾಟಿನಲ್ಲಿ ಉಂಡಳು. ಮನೆಗೆ ಬಂದ ದಿನ ತಾಟನ್ನು ತಿಕ್ಕಿ ತೊಳೆದು, ಮೊಳೆಯ ಕಡೆ ನೋಡದೆ, ಉಳಿದ ತಾಟುಗಳ ಮೇಲೆ ಬೋರಲು ಹಾಕಿದಳು.